ಲಾಟ್ವಿಯಾ, ಒಂಬತ್ತನೇ ಬಿ

ಜನಸಂಖ್ಯೆಯ ಪಿರಮಿಡ್ಡು ಬರೆಯಹೋದರೆ
ಬೋರ್ಡಿನ ಮೇಲೆ ಬಂದದ್ದು ಬುಗುರಿ.
ಕೆಳಗೆ ಮಕ್ಕಳ ಸಣ್ಣ ಮೊಳೆ,
ನಡುವೆ ನಲವತ್ತು ಅರವತ್ತರವರ ದಪ್ಪ ಹೊಟ್ಟೆ,
ಮೇಲೆ ಎಡಗಡೆ ಗಂಡಸರು ಬೇಗ ಮುಗಿದು
ಬಲಗಡೆ ಹೆಂಗಸರು, ಒಬ್ಬೊಬ್ಬರೇ, ತುದಿಯವರೆಗೆ.
"ಇದು ತಿರುಗುತ್ತಾ ಮಿಸ್?" ಅಂದ ಬೀರಲಿಂಗ.
ತಿರುಗಲ್ಲ ಕಣೋ, ಅದೇ ಅವರ ಚಿಂತೆ.

ಪುಸ್ತಕದಲ್ಲಿರುವುದು ಜಪಾನು. ಇದು ನಾನೇ ಆರಿಸಿದ ದೇಶ.
ಎಂಬತ್ತೊಂಬತ್ತರಲ್ಲಿ ಇಪ್ಪತ್ತಾರೂವರೆ ಲಕ್ಷ,
ಈಗ ಹತ್ತೊಂಬತ್ತಕ್ಕೂ ಚೂರು ಕಮ್ಮಿ.
"ನಮ್ಮ ಶಿವಮೊಗ್ಗ ಜಿಲ್ಲೆಯಷ್ಟು, ಒಂದು ಹಿಡಿ ಹೆಚ್ಚು" ಎಂದೆ.
ಇಡೀ ದೇಶ ಸೊರಬ ಸಾಗರ ಹೊಸನಗರದೊಳಗೆ
ಬಂದು ಒತ್ತಿಕೊಂಡು ಕೂತಿತು;
ಮಕ್ಕಳಿಗೆ ಪಾಪ ಅನ್ನಿಸಿತು.
ಮೇಜಿನ ಮೇಲೆ ಹಾಜರಿ ಪುಸ್ತಕ.
ಕಾಗದನಗರದ ಈ ಶಾಲೆಗೆ ನಾನು ಬಂದ ವರ್ಷ
ಒಂಬತ್ತನೇ ಬಿಯಲ್ಲಿ ಅರವತ್ತೆರಡು ಹೆಸರು.
ಈಗ ಅರ್ಧ ಹಾಳೆ ಸಾಕು. ಬಿ ಉಂಟು, ಎ ಇಲ್ಲ.

ಯಾರ್ಯಾರು ಅಲ್ಲಿ?
ಲಾಟ್ವಿಯನ್ನರು ನೂರಕ್ಕೆ ಅರವತ್ತು ಚಿಲ್ಲರೆ,
ರಷ್ಯನ್ನರು ಕಾಲು ಭಾಗದ ಹತ್ತಿರ,
ಬೆಲರೂಸಿನವರು, ಉಕ್ರೇನಿನವರು, ಪೋಲೆಂಡಿನವರು...
"ಹೊರಗಿನವರು ಯಾಕೆ ಬಂದ್ರು ಮಿಸ್?"
ಕೇಳಿದ್ದು ಸಹಾಯಮೇರಿ.
ಅವಳ ತಾತ ಅಂತೋಣಿಮುತ್ತು
ಧರ್ಮಪುರಿಯಿಂದ ತಗಡಿನ ಪೆಟ್ಟಿಗೆ ಹೊತ್ತು
ಭದ್ರಾವತಿಯಲ್ಲಿ ಇಳಿದದ್ದು ಬಿದಿರು ಬೇಯಿಸುವ ಕೆಲಸಕ್ಕೆ.
"ಕಾರ್ಖಾನೆ ಕರೆಯಿತು, ಬಂದರು."
"ಮುಚ್ಚಿದ ಮೇಲೆ?"
ಕಿಟಕಿಯಾಚೆ ಚಿಮಣಿ. ಅದರ ಬಾಯಲ್ಲೊಂದು ಬಸರಿ ಸಸಿ.
"ಕೆಲವರು ಹೋದರು. ಕೆಲವರು ಇದ್ದಾರೆ."

ಇದ್ದವರಲ್ಲಿ ಒಂದಷ್ಟು ಮಂದಿಗೆ
ಬೇರೆ ಬಣ್ಣದ ಪಾಸ್‌ಪೋರ್ಟು,
ಅಲ್ಲೇ ಹುಟ್ಟಿದವರಿದ್ದರೂ ನಾಗರಿಕರಲ್ಲ, ಎನ್ನುವಷ್ಟರಲ್ಲಿ
"ಅನಾಗರಿಕರು!" ಎಂದು ಕೂಗಿದ ಬೀರಲಿಂಗ.
ತರಗತಿ ನಕ್ಕಿತು. ನಾನೂ ನಕ್ಕೆ.
ಆಮೇಲೆ, ಒಂದೇ ಒಂದು 'ಅ' ಹಚ್ಚಿ
ಊರಾಚೆಗೂ ಮರ್ಯಾದೆಯಾಚೆಗೂ ಒಟ್ಟಿಗೇ ಅಟ್ಟುವ
ನನ್ನ ಭಾಷೆಯ ಜಾಣತನಕ್ಕೆ ನಾಚಿದೆ.
ಸಹಾಯಮೇರಿ ನಗಲಿಲ್ಲ.
ನೆಗಡಿಯಾಗಿತ್ತು ಅವಳಿಗೆ, ಅಷ್ಟೇ ಇರಬಹುದು.

ಹನ್ನೊಂದರ ಜನಗಣತಿಯಲ್ಲಿ ನನ್ನ ಪಾಲಿಗೆ ಬಿದ್ದದ್ದು
ಇದೇ ಕ್ವಾರ್ಟರ್ಸು. ಸಿ ಟೈಪು, ಆರನೇ ಸಾಲು.
ಮಾತೃಭಾಷೆ ಯಾವುದಮ್ಮ?
ಮೇರಿಯ ಅಜ್ಜಿ ಸವರಿಯಮ್ಮ ಮೊರದಿಂದ ತಲೆಯೆತ್ತಲಿಲ್ಲ.
"ಬೈಯೋದು ತಮಿಳು. ಚೀಟಿ ದುಡ್ಡು ಎಣಿಸೋದು ಕನ್ನಡ.
ಪಕ್ಕದ್ಮನೆ ತಂಗಮಣಿ ಸತ್ತಾಗ ಮಲಯಾಳದಲ್ಲೇ ಅತ್ತೆ,
ಅವಳಿಗೆ ತಿಳೀಲಿ ಅಂತ.
ಯಾವ್ದು ಬೇಕೋ ಬರ್ಕೋ."
ತಮಿಳು ಎಂದು ಬರೆದೆ.
ಗೊತ್ತಿರುವ ಇತರ ಭಾಷೆಗಳು: ಎರಡಕ್ಕೆ ಮಾತ್ರ ಜಾಗ.
ಕನ್ನಡ, ಮಲಯಾಳ; ತುಂಬಿತು.
"ಇನ್ನೊಂದಿದೆ" ಅಂದಳು. "ಸೈರನ್ನು.
ಉದ್ದಕ್ಕೆ ಊದಿದ್ರೆ ಶಿಫ್ಟು.
ಬಿಟ್ಟು ಬಿಟ್ಟು ಊದಿದ್ರೆ ಯಾರದೋ ಕೈ ಹೋಯ್ತು ಅಂತ.
ಈ ಕಾಲೋನೀಲಿ ಕೂಸಿಗೂ ಗೊತ್ತು ಆ ಮಾತು."
ಕಾಲಮ್ಮಿಲ್ಲಮ್ಮ, ಎಂದು ಎದ್ದು ಬಂದಿದ್ದೆ.

ಬೆಲ್ಲಿಗೆ ಎರಡು ನಿಮಿಷ ಇದ್ದಾಗ
ಲಿವೋನಿಯನ್ ಎಂಬುದೊಂದನ್ನು ಮುಟ್ಟಿದೆ.
ಅಲ್ಲಿನ ಕಡಲತಡಿಯ ಮೀನುಗಾರರ ಮಾತು.
ಎದೆಹಾಲಿನ ಜೊತೆ ಅದನ್ನು ಕುಡಿದ ಕೊನೆಯ ಮುದುಕಿ
ಎರಡು ಸಾವಿರದ ಹದಿಮೂರರಲ್ಲಿ ತೀರಿಕೊಂಡಳು, ಅದೂ ಪರದೇಶದಲ್ಲಿ.
"ಅವಳು ಯಾರ ಜೊತೆ ಮಾತಾಡ್ತಿದ್ಲು ಮಿಸ್?"
ಮತ್ತೆ ಮೇರಿಯೇ, ಮೂಗೊರೆಸಿಕೊಂಡು.

ಡಸ್ಟರು ಎತ್ತಿದೆ.
ಬುಗುರಿಯನ್ನು ಮೇಲಿನಿಂದ ಒರೆಸಲೋ ಕೆಳಗಿನಿಂದಲೋ
ತಿಳಿಯದೆ ನಿಂತೆ.
"ಇರ್ಲಿ ಬಿಡಿ ಮಿಸ್" ಅಂದ ಬೀರಲಿಂಗ,
"ನಾಳೆಗೂ ಬೇಕಾಗತ್ತೆ."

ನಾಳೆ ಭಾನುವಾರ.