ಅರ್ಧ ಮಾತ್ರೆ

ವೆನ್ಲಾಕಿನ ಲೇಡಿ ಡಾಕ್ಟರು ಚೀಟಿಯ ಹಿಂದೆ
ಮೆಟ್ಟಿಲಿನ ಚಿತ್ರ ಬರೆದುಕೊಟ್ಟಿದ್ದಾರೆ:
ಅರವತ್ತು, ಐವತ್ತು, ನಲವತ್ತು.
ಇಳಿಯುವಾಗ ಹಾರಬಾರದು ಗುಲಾಬಿ,
ಒಂದೊಂದೇ ಮೆಟ್ಟಿಲು.
ಹತ್ತಿದ್ದು ಯಾವಾಗ ಎಂದು ನಾನು ಕೇಳಲಿಲ್ಲ.
ಮೂತ್ರದಲ್ಲಿ ನೊರೆ ಬಂದ ವಾರ
ಎತ್ತಿ ಮೇಲೆ ಕೂರಿಸಿದ್ದು ಅವರೇ.

ಮೊದಲು ಬಂದದ್ದು ಹಸಿವು.
ರಾತ್ರಿ ಎರಡೂವರೆಗೆ ಎದ್ದು
ಕುಚ್ಚಲಕ್ಕಿ ಗಂಜಿಯ ತಳ ಕೆರೆದೆ.
ಉಪ್ಪು ಹಾಕಬಾರದು. ಉಪ್ಪಿಲ್ಲದ ಗಂಜಿ
ಬೇರೆ ಯಾರದೋ ಬಾಯಲ್ಲಿ ಉಂಡ ಹಾಗೆ.
ಡಬ್ಬಿಯಲ್ಲಿ ಒಣಸಿಗಡಿ ಇತ್ತು,
ಮುಚ್ಚಳ ತೆಗೆದು ಮೂಸಿ
ಮತ್ತೆ ಮುಚ್ಚಿದೆ. ಎರಡು ಸಲ.

ಆಮೇಲೆ ನಿದ್ದೆ ಹೋಯಿತು.
ಹೋದದ್ದು ಹೋಗಲಿ ಎಂದು
ತಡ್ಪೆ ಎಳೆದು ಮಡಿಲಲ್ಲಿಟ್ಟುಕೊಂಡೆ.
ಎಲೆ ಕತ್ತರಿಸು, ಹೊಗೆಸೊಪ್ಪು ತುಂಬು, ಸುರುಳಿ ಸುತ್ತು,
ನೂಲು ಕಟ್ಟು, ಮೊನೆ ಮಡಚು.
ನೇತ್ರಾವತಿ ಸೇತುವೆ ಮೇಲೆ ಮೂರು ಗಂಟೆಯ ರೈಲು
ನನ್ನ ಲೆಕ್ಕ ತಪ್ಪಿಸಲಿಲ್ಲ.
ಆ ತಿಂಗಳು ದಿನಕ್ಕೆ ಸಾವಿರದ ಇನ್ನೂರು ಬೀಡಿ.
ಬ್ರಾಂಚಿನ ಇದಿನಬ್ಬ ಪುಸ್ತಕದಲ್ಲಿ ಬರೆಯುತ್ತಾ
ಕನ್ನಡಕದ ಮೇಲಿಂದ ನೋಡಿದರು:
ಎಂತ ಗುಲಾಬಿ, ಮನೆಯಲ್ಲಿ ಮಿಷನ್ ಇಟ್ಟಿದ್ದೀಯಾ?
ಇಟ್ಟಿದ್ದೇನೆ ಅಂದೆ,
ಬೆಳಿಗ್ಗೆ ಮೂರು ಮಾತ್ರೆ ಎಣ್ಣೆ ಬಿಟ್ಟರೆ ಸಾಕು.

ಮೂರನೇ ವಾರ ಮುಖ ಬಂತು.
ನನ್ನ ಮುಖದ ಎದುರು ಬಂದು ನಿಂತಿತು,
ದವಡೆಯಿಂದ ಕಣ್ಣಿನವರೆಗೆ.
ಇದಕ್ಕೆ ಚಂದ್ರನ ಮುಖ ಅಂತಾರೆ, ಎಂದರು ಡಾಕ್ಟರು.
ಹೆಣ್ಣು ನೋಡಲು ಬಂದವರು ಹನ್ನೊಂದು ಮಂದಿ,
ಒಬ್ಬನ ಬಾಯಲ್ಲೂ ಬರಲಿಲ್ಲ ಈ ಮಾತು.
ನಳ್ಳಿಯ ಹತ್ತಿರ ವಾರಿಜಕ್ಕ:
ದಪ್ಪ ಆಗಿದ್ದಿ ಮಾರಾಯ್ತಿ, ಈಗ ಚಂದ ಕಾಣ್ತದೆ,
ಎಂತ ತಿನ್ನುದು?
ಮಾತ್ರೆ, ಅಂದೆ. ಅವಳು ನಕ್ಕಳು. ನಾನೂ ನಕ್ಕೆ,
ಕೆನ್ನೆಗೆ ಮೇಲೆ ಹೋಗಲು ಜಾಗ ಇರಲಿಲ್ಲ.

ರೇಷನ್ ಅಂಗಡಿಯ ಬೆರಳೊತ್ತುವ ಪೆಟ್ಟಿಗೆಗೆ
ನನ್ನ ಹೆಬ್ಬೆಟ್ಟು ಮೊದಲಿನಿಂದಲೂ ಗೊತ್ತಾಗುವುದಿಲ್ಲ,
ಇಪ್ಪತ್ತಾರು ವರ್ಷದ ಎಲೆ ಗೆರೆಗಳನ್ನು ತಿಂದಿದೆ.
ಫೋಟೋ ನೋಡಿಯಾದರೂ ಅಕ್ಕಿ ಕೊಡುತ್ತಿದ್ದ ಹುಡುಗ
ಈ ಸಲ ಕಾರ್ಡು ನೋಡಿದ, ನನ್ನನ್ನು ನೋಡಿದ,
ಅಕ್ಕ ಬರಲಿಲ್ಲವಾ, ಕೇಳಿದ.

ಇನ್ನೊಂದು ಉಂಟು, ಅದನ್ನು ಡಾಕ್ಟರಿಗೆ ಹೇಳಲಿಲ್ಲ.
ಕತ್ತರಿ ಕಾಣದ ಒಂದು ಸಂಜೆ
ಪ್ರಾಪ್ತಿಯ ಶಾಲೆ ಪುಸ್ತಕಗಳನ್ನು ಅಂಗಳಕ್ಕೆ ಎಸೆದೆ.
ಕತ್ತರಿ ನನ್ನ ತೊಡೆಯ ಕೆಳಗೇ ಇತ್ತು.
ಅದು ಒತ್ತಿದಲ್ಲಿ ನೇರಳೆ ಕಲೆ, ನೋವೇ ಇಲ್ಲದ್ದು,
ಹದಿನೈದು ದಿನ.
ಮಗಳು ಪುಸ್ತಕ ಹೆಕ್ಕಿ, ಮಣ್ಣು ಒರೆಸಿ,
ಅಮ್ಮ, ಇದು ನೀನಾ, ಮಾತ್ರೆಯಾ, ಕೇಳಿದಳು.
ಗೊತ್ತಿಲ್ಲ ಅಂದೆ. ಈಗಲೂ ಗೊತ್ತಿಲ್ಲ.
ಮಾತ್ರೆ ಎಂದಿದ್ದರೆ ಸುಲಭ ಇತ್ತು.

ಈಗ ಕೆಳಗಿನ ಮೆಟ್ಟಿಲುಗಳು. ಐದು, ಆಮೇಲೆ ಎರಡೂವರೆ.
ಅರ್ಧ ಮಾಡಲು ಬೀಡಿ ಕತ್ತರಿಯೇ,
ತಡ್ಪೆಯ ಮೇಲೆ ಬಿಳಿ ಪುಡಿ.
ಒಂದು ದಿನ ಚೂರು ಹಾರಿ ಹೊಗೆಸೊಪ್ಪಿಗೆ ಬಿತ್ತು;
ಹುಡುಕಿ, ಊದಿ, ನುಂಗಿದೆ.
ಸಿಕ್ಕದ ಪುಡಿ ಯಾರ ಬೀಡಿಗೆ ಹೋಯಿತೋ,
ಯಾವ ಊರಲ್ಲಿ ಯಾರಿಗೆ ಆ ರಾತ್ರಿ ನಿದ್ದೆ ಬರಲಿಲ್ಲವೋ.

ಗಂಟುಗಂಟಿನಲ್ಲಿ ನೋವು, ಬೆರಳು ನಿಧಾನ.
ಮುಖ ಸ್ವಲ್ಪ ಸ್ವಲ್ಪ ಹಿಂದೆ ಸರಿಯುತ್ತಾ ಉಂಟು,
ಮೀಯುವಾಗ ಕೈಗೆ ದವಡೆಯ ಮೂಳೆ ಸಿಕ್ಕಿತು,
ಒಂದು ನಿಮಿಷ ಹಿಡಿದುಕೊಂಡೆ.
ಮೊನ್ನೆ ರೈಲು ಹೋದದ್ದು ಕೇಳಲಿಲ್ಲ.
ಕಣ್ಣು ತೆರೆದಾಗ ಅಂಗಳದಲ್ಲಿ ಬಿಸಿಲು,
ಪ್ರಾಪ್ತಿ ಶಾಲೆಗೆ ಹೋಗಿಯಾಗಿತ್ತು,
ನನ್ನ ಮೇಲೆ ಅವಳ ಹೊದಿಕೆ.

ಇದಿನಬ್ಬ ಕಟ್ಟು ಎಣಿಸಿ ಪೆನ್ನು ನಿಲ್ಲಿಸಿದರು.
ನಾನೂರು ಕಡಿಮೆ ಉಂಟಲ್ಲ?
ಹೌದು, ನಿದ್ದೆ ಬಂತು, ಅಂದೆ.
ಬರೆದುಕೊಳ್ಳಿ.