ಪತ್ತನಾಜೆಯ ಬಕೆಟ್ಟು

ಈಚೆ ಕಡಲು, ಆಚೆ ಹೊಳೆ,
ನಡುವೆ ಒಂದು ರಸ್ತೆ, ಎರಡು ಸಾಲು ಮನೆ.
ಪಡುಕರೆಯಲ್ಲಿ ಎತ್ತರದ ಜಾಗ ಅಂದರೆ
ಸೇತುವೆ, ಬಿಟ್ಟರೆ ತೆಂಗಿನ ಮರ.

ಹಾಗಾಗಿ ಪತ್ತನಾಜೆ ಕಳೆದ ಮರುದಿನ
ಅಟ್ಟದಿಂದ ಇಳಿಸುತ್ತೇನೆ ಬಕೆಟ್ಟು.
ನಾದಿನಿಯ ಮದುವೆಗೆ ಗೋಡೆಗೆ ಬಳಿದ
ಗಿಳಿಹಸಿರು ಪೈಂಟಿನದು, ಇಪ್ಪತ್ತು ಲೀಟರಿನದು.
ಮುಚ್ಚಳ ತೆಗೆಯಲು ಸೌಟಿನ ಹಿಡಿ ಬೇಕು,
ಒಂಚೂರು ಬೈಗುಳವೂ.

ಮೊದಲು ಹೊರಗೆ ಬರುವುದು ಹೋದ ವರ್ಷದ ಗಾಳಿ:
ಕರ್ಪೂರ, ರಬ್ಬರು, ಬೆಲ್ಲ.
ಆಮೇಲೆ ಅವಲಕ್ಕಿ ಎರಡು ಸೇರು.
ಮೇಣದಲ್ಲಿ ಅದ್ದಿದ ಬೆಂಕಿಪೊಟ್ಟಣ.
ಟಾರ್ಚು; ಸೆಲ್ಲು ಬೇರೆ ಕಟ್ಟಿದ್ದೇನೆ,
ಒಳಗೇ ಬಿಟ್ಟರೆ ಅಳುತ್ತವೆ, ಹಸಿರು ಕಣ್ಣೀರು.
ಬಿಪಿ ಮಾತ್ರೆ. ರೇಷನ್ ಕಾರ್ಡು, ಆಧಾರು,
ಮೀನು ಕಟ್ಟುವ ದಪ್ಪ ಪ್ಲಾಸ್ಟಿಕ್ಕಿನಲ್ಲಿ.
ಸೀಟಿ. ಎಂಟು ಮಾರು ಹಗ್ಗ;
ಗಂಟು ಹಾಕಿದ್ದು ವಾಮನ, ನನ್ನ ಗಂಡ,
ಬಿಚ್ಚಲಿಕ್ಕೂ ಅವರೇ ಆಗಬೇಕು.

ಪಟ್ಟಿ ಕೊಟ್ಟದ್ದು ತರಬೇತಿಯ ಹುಡುಗ ಪ್ರೀತೇಶ,
ಕಿತ್ತಳೆ ಬಣ್ಣದ ಜಾಕೆಟ್ಟಿನೊಳಗೆ ಬೆವರುತ್ತ:
"ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ನೀರು, ಮೂರು ದಿನಕ್ಕೆ."
ಅತ್ತೆ ನಕ್ಕರು: "ಎರಡೂ ಕಡೆ ನೀರೇ ಉಂಟಲ್ಲ ಮಗಾ,
ಅದರ ನಡುವೆ ನೀರು ಹೊತ್ತುಕೊಂಡು ಓಡುವುದಾ?"
ಆಮೇಲೆ ಅವರೇ ನೆನಪು ಮಾಡಿಕೊಂಡರು,
ಬಾವಿಗೆ ಉಪ್ಪು ಹೊಕ್ಕ ವರ್ಷ
ತೊಟ್ಟಿಲ ಮಗುವಿನ ತುಟಿ ಬಿರಿದದ್ದು.
ಕ್ಯಾನು ತಿಕ್ಕಿ ತೊಳೆದದ್ದು ಅವರೇ.

ಹೊಗೆಸೊಪ್ಪು ಪಟ್ಟಿಯಲ್ಲಿ ಇರಲಿಲ್ಲ.
"ಅದು ಅಗತ್ಯ ವಸ್ತು ಅಲ್ಲ ಅಜ್ಜಿ."
"ಯಾರಿಗೆ?" ಅಂದರು ಅತ್ತೆ,
ಟಾರ್ಚಿನ ಪಕ್ಕ ತುರುಕಿದರು.

ಆ ಸಲ ಆಟಿ ಅಮಾವಾಸ್ಯೆಗೆ ಎರಡು ದಿನ ಇರುವಾಗ
ಕಡಲು ರಸ್ತೆ ದಾಟಿ
ಹೊಳೆಯ ಮನೆಗೆ ಹೋಯಿತು,
ನಮ್ಮ ಅಂಗಳದ ಮೇಲಿಂದ, ಚಪ್ಪಲಿ ಕೂಡ ಬಿಡದೆ.
ಹಗ್ಗ ಹಿಡಿದು ಸೇತುವೆ, ಸೇತುವೆಯಿಂದ ಶಾಲೆ.
ಮೂರು ರಾತ್ರಿ, ನಾಲ್ಕನೇ ಕ್ಲಾಸಿನ ಕೋಣೆ,
ಗೋಡೆಯ ಮೇಲೆ ಹನ್ನೆರಡರ ಮಗ್ಗಿ.
ಹೊಗೆಸೊಪ್ಪು ಆರು ಮುದುಕಿಯರ ಕೈ ಸುತ್ತಿತು;
ಅವಲಕ್ಕಿಗಿಂತ ಮೊದಲು ಮುಗಿದದ್ದು ಅದು.

ಸೆವ್ರಿನ್ ಬಾಯಿಯ ಮೊಮ್ಮಗಳು, ಹದಿಮೂರರವಳು,
ಗಂಜಿಯ ಸಾಲಿಗೆ ಬರಲಿಲ್ಲ.
ಗೋಡೆಗೆ ಒತ್ತಿ ಕೂತವಳು ಏಳಲೇ ಇಲ್ಲ.
ನೋಡಿದೆ. ಗೊತ್ತಾಯಿತು.
ಬಕೆಟ್ಟಿನ ತಳದವರೆಗೆ ಕೈ ಹಾಕಿ ಹುಡುಕಿದೆ:
ಬೆಲ್ಲ, ಸೀಟಿ, ಮೇಣ.
ಪಟ್ಟಿ ಬರೆದವರಿಗೆ ಅಮ್ಮ ಇದ್ದಾಳು,
ತಂಗಿ ಇದ್ದಾಳು,
ತಿಂಗಳು ಇರಲಿಲ್ಲ.

ಅತ್ತೆ ಏನೂ ಕೇಳಲಿಲ್ಲ.
ಮೈಮೇಲಿನ ಹತ್ತಿ ಸೀರೆಯ ಒಣಗಿದ ಸೆರಗು
ಹಲ್ಲಲ್ಲಿ ಕಚ್ಚಿ ಹರಿದರು;
ಮಳೆಯ ಮೇಲೂ ಕೇಳಿತು ಆ ಸದ್ದು.
ಒಬ್ಬೊಬ್ಬರೇ ಎದ್ದು ಬಂದ ಹೆಂಗಸರು
ಬೆನ್ನು ತಿರುಗಿಸಿ ನಿಂತರು, ಭುಜಕ್ಕೆ ಭುಜ.
ಆ ಮೂರು ದಿನ ಸೋರದಿದ್ದ ಗೋಡೆ
ಅದೊಂದೇ.

ಮರುವರ್ಷ ಪೆನ್ಸಿಲಿನಲ್ಲಿ ಪಟ್ಟಿಗೆ ಒಂದು ಸಾಲು ಸೇರಿಸಿದೆ.
ಪ್ರೀತೇಶ ಓದಿದ. ಕಿವಿ ಕೆಂಪಾಯಿತು.
ಜಾಕೆಟ್ಟಿನ ಜಿಪ್ಪು ಮೇಲೆ ಎಳೆದ, ಕೆಳಗೆ ಎಳೆದ.
"ಎಷ್ಟು ಪ್ಯಾಕೆಟ್ಟು ಅಂತ ಬರೆಯಲಿ ಅಕ್ಕ?"
ಪಕ್ಕದ ಮನೆಯಲ್ಲಿ ಅವನೇ ಜೋರಾಗಿ ಓದುವುದು
ಬೇಲಿಯ ಈಚೆಗೂ ಕೇಳಿಸಿತು.

ಇವತ್ತು ಹಳೆಯ ಅವಲಕ್ಕಿ ತೆಗೆದು ಹೊಸತು ತುಂಬಿದೆ.
ಹಳೆಯದಕ್ಕೆ ಕಾಯಿತುರಿ, ಬೆಲ್ಲ.
ಬಾರದೆ ಹೋದ ನೆರೆಯನ್ನು ಹೀಗೆ
ಚಾದ ಜೊತೆ ತಿಂದು ಮುಗಿಸುತ್ತೇವೆ.
ಒಂಚೂರು ಮುಗ್ಗಲು, ಅಡ್ಡಿಯಿಲ್ಲ.

ಅತ್ತೆ ಹೋಗಿ ಎರಡು ಮಳೆಗಾಲ ಆಯಿತು.
ಮಾತ್ರೆ ಈಗ ನನ್ನವು.
ಹೊಗೆಸೊಪ್ಪು ಮಾತ್ರ ಹೊಸತು ತಂದು ಇಡುತ್ತೇನೆ,
ಯಾರಿಗಾದರೂ ಬೇಕಾದೀತು.

ಮುಚ್ಚಳ ಕೈಯಲ್ಲಿ ಒತ್ತಿದರೆ ಕೂರುವುದಿಲ್ಲ.
ಅದರ ಮೇಲೆ ನಾನೇ ಕೂತಿದ್ದೇನೆ, ತಟ್ಟೆ ಹಿಡಿದು,
ಕಡಲಿಗೆ ಮುಖ ಮಾಡಿ.