ನಲವತ್ತೆಂಟನೆಯ ಚೌಕ

ಏಸಿ ಆರಿಸಿದೆವು,
ಅದರ ಗುಂಯ್‌ಗುಡುವಿಕೆ ಮಾತಿನೊಳಗೆ ಸೇರಬಾರದೆಂದು.
ಸೆಪ್ಟೆಂಬರ್. ಮುಹರ್ರಕ್‌ನ ಶಾಲೆಯ ಸ್ಟೋರ್ ರೂಮು.
ಕಾಲು ಮುರಿದ ಕುರ್ಚಿಗಳ ನಡುವೆ ನಾನು, ಟ್ಯಾಬ್ಲೆಟ್ಟು,
ಬಾಗಿಲ ಹೊರಗೆ ಕಾವಲಿಗೆ ಇಶಾಮನ ತಾಯಿ ಮೈಮೂನಾ.

ಆ್ಯಪಿನ ಜೊತೆಗೇ ಬಂದ ದನಿ ಯಾವುದೋ ದೂರದ ಹುಡುಗನದು.
ನಗುತ್ತ ನೀರು ಕೇಳುತ್ತಿದ್ದ,
ಹೊಟ್ಟೆನೋವನ್ನೂ ನಗುತ್ತಲೇ ಹೇಳುತ್ತಿದ್ದ.
"ನಮ್ಮಲ್ಲಿ ಹಾಗೆ ಯಾರೂ ಮಾತಾಡುವುದಿಲ್ಲ ಟೀಚರ್.
ಬ್ಯಾರಿ ನಿಮಗೆ ಬರುವುದಿಲ್ಲ, ಕನ್ನಡವಾದರೂ ಆಗಲಿ,
ನಿಮ್ಮದೇ ಹಾಕಿ."
ನಿನ್ನದು ಹಾಕೋಣವೇ ಎಂದೆ.
ತಲೆಯಾಡಿಸಿದಳು. "ನನ್ನದು ನನ್ನ ಬಾಯಲ್ಲೇ ಇರಲಿ."

ನೀರು, ಎಂದೆ.
ತಲೆಯ ಮೇಲೆ ವಿಮಾನ. ಅಳಿಸಿ ಮತ್ತೆ
ನೀರು.
ಊಟ. ಉಚ್ಚೆ. ಉಯ್ಯಾಲೆ. ನೋವು.
ಬಸ್ಸು ಎನ್ನುವಾಗ ಇನ್ನೊಂದು ವಿಮಾನ,
ಚಕ್ರ ಇಳಿಸುತ್ತ, ಸಾವಕಾಶ.
ಎಲ್ಲ ಮುಗಿದು ಕೆಳಗಿನ ಸಾಲು, ಬಲದ ಮೂಲೆ
ನಲವತ್ತೆಂಟನೆಯ ಚೌಕ: ಅಂಗೈ ಎತ್ತಿದ ಒಂದು ಚಿತ್ರ.
ಅಷ್ಟರಲ್ಲಿ ಚೂಡಿದಾರ ಬೆನ್ನಿಗಂಟಿತ್ತು.
ಬಾಗಿಲು ತೆಗೆ ಮಾರಾಯ್ತಿ ಎಂಬ ಹಾಗೆ
"ಸಾಕು" ಅಂದೆ.
ಅದು ಹಾಗೇ ಉಳಿಯಿತು.

ಎರಡು ವಾರ ಬರೀ ಉಯ್ಯಾಲೆ, ಉಯ್ಯಾಲೆ.
ಆಮೇಲೊಂದು ಮಂಗಳವಾರ
ಕೆಂಪು ಮಣಿ, ನೀಲಿ ಮಣಿ ದಾರಕ್ಕೆ ಪೋಣಿಸುತ್ತಿದ್ದಾಗ
ಅವನ ತೋರುಬೆರಳು ಮೂಲೆಗೆ ನಡೆಯಿತು.
"ಸಾಕು" ಎಂದಿತು ನನ್ನ ದನಿ, ನನಗೇ.
ಬೆವರಿತ್ತು ಅದರಲ್ಲಿ, ಸಿಡುಕಿತ್ತು.
ಒಂದು ಕ್ಷಣ ನಾನೇ ಏನೋ ತಪ್ಪು ಮಾಡಿದವಳಂತೆ
ಕೈಯ ಮಣಿ ಕೆಳಗಿಟ್ಟೆ.

ಮತ್ತೆ ದಿನವೂ ಅದೇ.
ಮಣಿ ಸಾಕು. ಹಾಡು ಸಾಕು. ಬಣ್ಣ ಸಾಕು.
ಮೇಲ್ವಿಚಾರಕಿ ಮಿಸ್ ರಾನಿಯಾ ಪಟ್ಟಿ ತೋರಿಸಿದರು:
ದಿನಕ್ಕೆ ಹತ್ತು ಬೇಡಿಕೆ, ಇದು ಗುರಿ.
ಸಾಕು ಎನ್ನುವುದು ಬೇಡಿಕೆಯಲ್ಲವಂತೆ,
ಅದಕ್ಕೆ ಕಾಲಮ್ಮಿಲ್ಲ.
ಒಂದು ತಿಂಗಳು ಮುಚ್ಚಿಡಿ, ಎಂದರು, ಮೆದುವಾಗಿಯೇ.
ಸೆಟ್ಟಿಂಗಿನಲ್ಲಿ ಪುಟ್ಟದೊಂದು ಕಣ್ಣಿನ ಗುರುತಿದೆ,
ಒತ್ತಿದರೆ ಚೌಕ ಬೂದಿಯಾಗುತ್ತದೆ.
ಒತ್ತಿದವಳು ನಾನೇ.

ದಿನವಿಡೀ ಬೂದುಬಣ್ಣದ ಮೂಲೆಯನ್ನು ಕುಟ್ಟಿದ.
ಸ್ಕ್ರೀನ್‌ಗಾರ್ಡಿನ ಮೇಲೆ ಉಗುರಿನ ಗೀಚು.
ನಡುನಡುವೆ ನೀರು, ಬಸ್ಸು, ಮತ್ತೆ ನೀರು.
ಹನ್ನೊಂದು ಬೇಡಿಕೆ, ಬರೆದುಕೊಂಡೆ.
ಮಿಸ್ ರಾನಿಯಾ ಪಕ್ಕದಲ್ಲೊಂದು ನಕ್ಷತ್ರ ಬರೆದರು.

ಗುರುವಾರ, ಬಸ್ಸಿನ ಸಾಲು.
ಬ್ಯಾಟರಿ ಸತ್ತು ಪರದೆ ಕಪ್ಪಗಾಗಿತ್ತು.
ಇಶಾಮ ಎರಡೂ ಕಿವಿ ಮುಚ್ಚಿಕೊಂಡ.
ಅವನಿಗೆ ಕೇಳಿದ ಎಷ್ಟೋ ಹೊತ್ತಿಗೆ
ನಮಗೆ ಕೇಳುತ್ತದೆ ವಿಮಾನ.
ಒಂದು ಕಿವಿಯಿಂದ ಕೈ ತೆಗೆದ,
ನನ್ನ ಮುಷ್ಟಿ ಹಿಡಿದು ಬೆರಳು ಒಂದೊಂದಾಗಿ ಬಿಡಿಸಿದ,
ಅಂಗೈಯ ಕೆಳಗೆ, ಬಲಕ್ಕೆ, ಮಣಿಕಟ್ಟಿನ ಹತ್ತಿರ
ಉಗುರೂರಿ ಒತ್ತಿದ.

ಪೆದ್ದಿ ನಾನು, ಸೊಳ್ಳೆಯೋ ಎಂದು ನೋಡಿದೆ.
ಮತ್ತೆ ಒತ್ತಿದ. ಅದೇ ಮೂಲೆ.

"ಸಾಕು," ಎಂದೆ.
ಒತ್ತಿದ.
"ಸಾಕು."
ಬಾಲದ ದೀಪ ಮಿನುಗಿಸುತ್ತ ವಿಮಾನ ಹೋಗುವವರೆಗೆ
ಅವನು ಒತ್ತಿದ, ನಾನು ಹೇಳಿದೆ.
ಡ್ರೈವರ್ ಹಾರ್ನ್ ಹೊಡೆಯುತ್ತಲೇ ಇದ್ದ.

ಭಾನುವಾರ, ಯಾರನ್ನೂ ಕೇಳದೆ ಕಣ್ಣು ತೆರೆದೆ.
ದನಿಯನ್ನೂ ಬದಲಿಸಿದ್ದೆ, ಮನೆಯಲ್ಲಿ,
ರಾತ್ರಿ, ಫ್ಯಾನ್ ನಿಲ್ಲಿಸಿ, ಮೆತ್ತಗೆ: ಸಾಕು.
ಒತ್ತಿ ಕೇಳಿದ. ನನ್ನ ಮುಖ ನೋಡಿದ.
ಟ್ಯಾಬ್ಲೆಟ್ ತಲೆಕೆಳಗು ಮಾಡಿ ಅಲುಗಿಸಿದ,
ಒಳಗೆಲ್ಲೋ ಬಿದ್ದುಹೋದದ್ದನ್ನು ಹುಡುಕುವವನಂತೆ.
ಹಳೆಯದನ್ನೇ ಹಾಕಿಕೊಟ್ಟೆ.

"ಸಾಕು!" ಎಂದ ಕೂಡಲೇ, ಸಿಡುಕಿ, ಸ್ಟೋರ್ ರೂಮಿನ ಸೆಕೆಯಿಂದ.

ಮಣಿಡಬ್ಬಿ ಮುಚ್ಚಿದೆ.